‘ಕರೆಂಟ್ ಬರುತ್ತಿಲ್ಲ’ ಎಂದರೆ ನನಗೆ ಏನೂ ತಿಳಿಯುವುದಿಲ್ಲ

ಭಾವನ ಫೋನ್ ಬಂದಾಗ ನಾನು ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ‘ದೋಣಿಯ ಪಂಪಿಗೆ ಕರೆಂಟ್ ಬರುತ್ತಿಲ್ಲ. ಬೆಳಿಗ್ಗೆ ಬಂದು ನೋಡಿ ಹೋಗು’ ಎಂದರು. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪ್ ಅದು. ತಿರುಗುತ್ತಿದೆಯೇ ಎಂದು ಕೇಳಿದೆ. ತಿರುಗುತ್ತದೆ, ಆದರೆ ನೀರು ಎತ್ತುವುದಿಲ್ಲ ಎಂದರು. ತಿರುಗುತ್ತಿದ್ದರೆ ಕರೆಂಟ್ ಬರುತ್ತಿದೆ ಎಂದೇ ಆಯಿತಲ್ಲ ಎಂದೆ. ‘ಬರುತ್ತದೆ, ಸಾಲುವುದಿಲ್ಲ. ನಾನು ಹೇಳಿದ್ದೂ ಅದನ್ನೇ’ ಎಂದು ಸಿಡುಕಿದರು. ಅಕ್ಕನ ಗಂಡ, ನನಗಿಂತ ಹನ್ನೊಂದು ವರ್ಷ ದೊಡ್ಡವರು. ವಾದವನ್ನು ಅಲ್ಲಿಗೇ ಬಿಟ್ಟೆ.

ಇಪ್ಪತ್ತೆರಡು ವರ್ಷಗಳಿಂದ ವಾಹನಗಳ ವೈರಿಂಗ್ ಮಾಡಿಕೊಂಡು ಬಂದಿದ್ದೇನೆ. ಈ ಕಸುಬಿನಲ್ಲಿ ಅರ್ಧ ಸಮಯ ಹೋಗುವುದು ಗಾಡಿಯವರ ಮಾತನ್ನು ಬಿಡಿಸಿಕೊಳ್ಳುವುದರಲ್ಲೇ. ನಮ್ಮ ಮಾತಿನಲ್ಲಿ ಎಲ್ಲವೂ ‘ಕರೆಂಟ್’. ಮನೆಯ ದೀಪ ಆರಿದರೆ ಕರೆಂಟ್ ಹೋಯಿತು, ತಂತಿ ಮುಟ್ಟಿದರೆ ಕರೆಂಟ್ ಹೊಡೆಯಿತು, ಬ್ಯಾಟರಿ ಇಳಿದರೆ ಕರೆಂಟ್ ಇಲ್ಲ. ಅದೇ ರೀತಿ ಯಾವ ದೋಷವಿದ್ದರೂ ಅದು ‘ಶಾರ್ಟ್’. ಕಪ್ಪು ತಂತಿ ಎಲ್ಲಿ ಕಂಡರೂ ಅದು ‘ಅರ್ತ್’. ಈ ಮೂರು ಪದಗಳಿಂದ ಸಂಸಾರ ನಡೆಯುತ್ತದೆ, ರಿಪೇರಿ ನಡೆಯುವುದಿಲ್ಲ. ಯಾವ ಪದ ಬಾಯಿಗೆ ಬರುತ್ತದೋ ಕೈ ಆ ಭಾಗಕ್ಕೇ ಹೋಗುತ್ತದೆ. ‘ಪಂಪಿಗೆ ಕರೆಂಟ್ ಸಾಲುವುದಿಲ್ಲ’ ಎಂದುಕೊಂಡ ಭಾವ ನನ್ನನ್ನು ಕರೆಯುವ ಮೊದಲು ಒಂದು ಬ್ಯಾಟರಿ ಮತ್ತು ಎರಡು ಪಂಪ್ ಬದಲಾಯಿಸಿದ್ದರು. ಎರಡನೆಯ ಪಂಪನ್ನು ಹಾಕಿಸಿದವನು ನಾನೇ, ಅದೂ ಫೋನಿನಲ್ಲಿ. ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ದೋಣಿಯ ತಳದಲ್ಲಿ ಮಂಡಿಯೂರಿ ಕುಳಿತು ಪಂಪಿನ ತಂತಿಗಳಿಗೆ ಮೀಟರ್ ಹಿಡಿದೆ. ಸ್ವಿಚ್ ಹಾಕಿದೆ, ಪಂಪಿನ ಪ್ಲಗ್ ಕಳಚಿಟ್ಟಿದ್ದೆ. 12.6 ವೋಲ್ಟ್. ‘ನೋಡು, ಸರಿಯಾಗಿಯೇ ಇದೆ’ ಎಂದರು ಭಾವ. ಪ್ಲಗ್ ಹಾಕಿ ಪಂಪ್ ಓಡಿಸಿ ಮತ್ತೆ ಅಳೆದೆ. 9.6. ಬ್ಯಾಟರಿಯ ಮೇಲೆ ಹಿಡಿದರೆ 12.5 ತೋರಿಸುತ್ತಿತ್ತು. ಮಧ್ಯದಲ್ಲಿ 2.9 ವೋಲ್ಟ್ ಎಲ್ಲಿಯೋ ಸೋರಿಹೋಗುತ್ತಿತ್ತು.

ವೋಲ್ಟೇಜ್ ಮತ್ತು ಕರೆಂಟ್ ಬೇರೆ ಬೇರೆ ಎನ್ನುವುದು ಪಠ್ಯಪುಸ್ತಕದ ಮಾತಲ್ಲ ಎಂದು ತೋರಿಸುವ ಜಾಗ ಇದೇ. ವೋಲ್ಟೇಜ್ ಎಂದರೆ ತಳ್ಳುವ ಒತ್ತಡ. ಏನೂ ಹರಿಯದಿದ್ದರೂ ಅದು ಇರುತ್ತದೆ. ಕರೆಂಟ್ ಎಂದರೆ ನಿಜವಾಗಿ ಹರಿಯುತ್ತಿರುವುದು, ಅದರ ಅಳತೆ ಆಂಪಿಯರ್. ಹರಿವಿಗೆ ತಂತಿ ಒಡ್ಡುವ ಅಡ್ಡಿ ರೆಸಿಸ್ಟೆನ್ಸ್, ಅದರ ಅಳತೆ ಓಮ್. ಆಂಪಿಯರನ್ನು ಓಮಿನಿಂದ ಗುಣಿಸಿದರೆ ಆ ತಂತಿ ನುಂಗುವ ವೋಲ್ಟ್ ಸಿಗುತ್ತದೆ. ಪಂಪಿನ ಪ್ಲಗ್ ಕಳಚಿದ್ದಾಗ ಏನೂ ಹರಿಯುತ್ತಿರಲಿಲ್ಲ. ಸೊನ್ನೆಯನ್ನು ಎಷ್ಟು ಓಮಿನಿಂದ ಗುಣಿಸಿದರೂ ಸೊನ್ನೆಯೇ, ಹಾಗಾಗಿ ತಂತಿ ಎಷ್ಟು ಕೊಳೆತಿದ್ದರೂ ಮೀಟರಿಗೆ ಪೂರ್ತಿ 12.6 ಕಾಣಿಸಿತು. ಇದನ್ನೆಲ್ಲ ಕೊಳಾಯಿ, ತೊಟ್ಟಿ, ನೀರು ಎಂದು ವಿವರಿಸುವ ಪದ್ಧತಿ ಇದೆ. ನೀರು ಎತ್ತದ ಪಂಪಿನ ಪಕ್ಕದಲ್ಲಿ ಕುಳಿತು ಆ ಹೋಲಿಕೆ ಕೊಡುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪನ್ನು ಪಂಪಿನ ಪಾಸಿಟಿವ್‌ಗೆ ಇಟ್ಟು, ಪಂಪ್ ಓಡುತ್ತಿರುವಾಗಲೇ ನೋಡಿದೆ. 0.6 ವೋಲ್ಟ್. ನೆಗೆಟಿವ್ ಕಡೆ ಇದೇ ರೀತಿ ನೋಡಿದರೆ 2.3. ಇದಕ್ಕೆ ವೋಲ್ಟೇಜ್ ಡ್ರಾಪ್ ಎನ್ನುತ್ತಾರೆ. ವಾಹನದ ಕೆಲಸಕ್ಕೂ ದೋಣಿಯ ಕೆಲಸಕ್ಕೂ ಸೇರಿಸಿ ಒಂದೇ ಪದ ಕಲಿಯಿರಿ ಎಂದರೆ ನಾನು ಈ ಪದವನ್ನೇ ಕೊಡುತ್ತೇನೆ. ತಂತಿಯ ಎರಡು ತುದಿಗಳ ನಡುವೆ, ಲೋಡ್ ಇರುವಾಗ, ಅಂದರೆ ಪಂಪಿನಂಥ ಸಾಧನ ಕರೆಂಟ್ ಎಳೆಯುತ್ತಿರುವಾಗ, ಹೆಚ್ಚು ವೋಲ್ಟ್ ಕಾಣಿಸಬಾರದು. ಕಾಣಿಸಿದರೆ ಆ ತಂತಿ ತಾನೇ ಒಂದು ಹೀಟರ್ ಆಗಿದೆ ಎಂದು ಅರ್ಥ.

ನೆಗೆಟಿವ್ ತಂತಿಯನ್ನು ಬೆರಳಿನಿಂದ ಸವರುತ್ತಾ ಹೋದೆ. ಒಂದು ಕಡೆ ಕಪ್ಪು ಟೇಪ್ ಸುತ್ತಿದ್ದ ಗಂಟು. ಮುಟ್ಟಿದರೆ ಸ್ಪಷ್ಟವಾಗಿ ಬಿಸಿ. ಟೇಪ್ ಬಿಚ್ಚಿದೆ. ಅಂಟು ಎಂದೋ ಬೆಲ್ಲದ ಪಾಕದಂತಾಗಿತ್ತು. ಒಳಗೆ ಎರಡು ತಂತಿಗಳನ್ನು ಬರಿಗೈಯಲ್ಲಿ ಹೊಸೆದು ಬಿಟ್ಟಿದ್ದರು. ತಾಮ್ರದ ಮೇಲೆ ಹಸಿರು ಕಿಲುಬು, ಉಜ್ಜಿದರೆ ಪುಡಿಯಾಗಿ ಉದುರುತ್ತಿತ್ತು. ಒಂದು ಅಂಗುಲ ಹಿಂದೆ ಕತ್ತರಿಸಿದೆ, ಎಳೆಗಳು ಇನ್ನೂ ಕಪ್ಪು. ಮತ್ತೊಂದು ಅಂಗುಲ, ಕಪ್ಪು. ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುವ ಇನ್ಸುಲೇಷನ್, ಒಳಗೆ ಗೇಣುದ್ದದವರೆಗೆ ಇದ್ದಿಲಿನ ಬಣ್ಣ. ಉಪ್ಪು ನೀರು ತಂತಿಯ ಎಳೆಗಳ ಸಂದಿನಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿಹೋಗಿತ್ತು. ಆ ಗಂಟು ಒಂದೇ 1.8 ವೋಲ್ಟ್ ನುಂಗುತ್ತಿತ್ತು. ಪಂಪ್ ಎಳೆಯುತ್ತಿದ್ದದ್ದು ಸುಮಾರು 7 ಆಂಪಿಯರ್. ಎರಡನ್ನೂ ಗುಣಿಸಿದರೆ ಹನ್ನೆರಡೂವರೆ ವ್ಯಾಟ್, ಅಂದರೆ ಇಂಡಿಕೇಟರ್ ಬಲ್ಬಿನ ಅರ್ಧಕ್ಕಿಂತ ಹೆಚ್ಚಿನ ಶಾಖ, ಟೇಪಿನ ಒಳಗೆ.

ಉಳಿದ ಡ್ರಾಪ್ ಬರಿಯ ತಂತಿಯದ್ದು. ಅದು 1.5 ಚದರ ಮಿಲಿಮೀಟರ್ ತಂತಿ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರಕ್ಕೆ ಸುಮಾರು 0.0172 ಓಮ್. ಬ್ಯಾಟರಿಯಿಂದ ಪಂಪಿಗೆ ಆರು ಮೀಟರ್. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಹನ್ನೆರಡು ಮೀಟರ್, ಏಕೆಂದರೆ ಹೋದದ್ದು ವಾಪಸ್ ಬರಬೇಕು. 0.14 ಓಮ್ ಆಯಿತು, 7 ಆಂಪಿಯರಿಗೆ ಸುಮಾರು ಒಂದು ವೋಲ್ಟ್. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ ಒಂದು ಹೋದರೆ ಶೇಕಡ 8. ದೋಣಿಗಳಿಗೆ ಬಹುಮಂದಿ ಅನುಸರಿಸುವ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಮಾನದಂಡದ ಪ್ರಕಾರ ಸಂಚಾರ ದೀಪಗಳಂಥ ಮುಖ್ಯ ಸಾಧನಗಳಿಗೆ ಶೇಕಡ 3 ಮೀರಬಾರದು, ಕ್ಯಾಬಿನ್ ದೀಪದಂಥವುಗಳಿಗೆ ಶೇಕಡ 10ರವರೆಗೆ ನಡೆಯುತ್ತದೆ. ದೋಣಿ ಮುಳುಗದಂತೆ ಕಾಯುವ ಪಂಪನ್ನು ನಾನು ಯಾವ ಸಾಲಿಗೆ ಸೇರಿಸುತ್ತೇನೆ ಎಂದು ಹೇಳಬೇಕಾಗಿಲ್ಲ.

6 ಚದರ ಮಿಲಿಮೀಟರ್‌ನ, ತವರ ಲೇಪಿಸಿದ ತಾಮ್ರದ ತಂತಿ ಎಳೆದೆವು. ತವರದ ಲೇಪ ಪ್ರತಿಯೊಂದು ಎಳೆಯ ಮೇಲೂ ಇರುತ್ತದೆ, ಉಪ್ಪಿಗೆ ತಡೆ. ಎಳೆಗಳು ಸಣ್ಣವು, ಹಲವು. ಮನೆ ವೈರಿಂಗಿನ ಒಂಟಿ ಗಟ್ಟಿ ತಂತಿ ಗಾಡಿಯಲ್ಲೂ ದೋಣಿಯಲ್ಲೂ ಅದುರಿ ಅದುರಿ ಒಂದು ದಿನ ಮುರಿಯುತ್ತದೆ. ಭಾವ ಬೆಸುಗೆಯ ಕಡ್ಡಿ ಹಿಡಿದು ಬಂದರು. ಬೇಡ ಎಂದೆ. ಬೆಸುಗೆ ನಿಂತಲ್ಲಿ ತಂತಿ ಬಿರುಸಾಗುತ್ತದೆ, ಆ ಬಿರುಸು ಮುಗಿಯುವ ಗೆರೆಯಲ್ಲೇ ಮುರಿಯುತ್ತದೆ. ಸರಿಯಾದ ಅಳತೆಯ ಲಗ್ (ತಂತಿಯ ತುದಿಗೆ ತೊಡಿಸುವ ಲೋಹದ ಟೊಪ್ಪಿ), ಸರಿಯಾದ ಇಕ್ಕಳದಲ್ಲಿ ಒತ್ತಿದ ಕ್ರಿಂಪ್, ಅದರ ಮೇಲೆ, ಒಳಮೈಗೆ ಅಂಟು ಬಳಿದ, ಶಾಖಕ್ಕೆ ಕುಗ್ಗುವ ತೋಳು. ಒತ್ತಿದ ಮೇಲೆ ನಾನು ಒಮ್ಮೆ ಬಲವಾಗಿ ಎಳೆದು ನೋಡುತ್ತೇನೆ. ಕೈಗೆ ಬಂದರೆ ಅದು ಈಗಲೇ ಬರಲಿ.

ದೋಣಿಯಲ್ಲಿ ಇಷ್ಟು ಜಾಣತನ ಮೆರೆದವನು ಕೆಲವು ವರ್ಷಗಳ ಹಿಂದೆ ಇದೇ ಪಾಠಕ್ಕೆ ಒಂದು ವ್ಯಾನಿನ ಅಡಿಯಲ್ಲಿ ಇಡೀ ಮಧ್ಯಾಹ್ನ ಮಲಗಿದ್ದೆ. ಸೆಲ್ಫ್ ಹೊಡೆದರೆ ‘ಟಕ್’ ಎಂದು ಸುಮ್ಮನಾಗುತ್ತಿತ್ತು. (ಸೆಲ್ಫ್ ಎನ್ನುವುದು ‘ಸೆಲ್ಫ್ ಸ್ಟಾರ್ಟರ್’ನ ಉಳಿದ ಅರ್ಧ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬರುವವರೆಗೆ ಮುಂದೆ ನಿಂತು ಹ್ಯಾಂಡಲ್ ಸುತ್ತಬೇಕಿತ್ತು. ಉಳಿದ ಅರ್ಧವೇ ನಮ್ಮಲ್ಲಿ ಕ್ರಿಯಾಪದವೂ ಆಗಿದೆ.) ಗಾಡಿಯವರು ಹೊಸ ಬ್ಯಾಟರಿ ಹಾಕಿಸಿಕೊಂಡೇ ಬಂದಿದ್ದರು. ನಾನು ಸ್ಟಾರ್ಟರ್ ಮೋಟಾರ್ ಬಿಚ್ಚಿ, ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಇಂಗಾಲದ ತುಂಡು) ನೋಡಿ, ಮತ್ತೆ ಜೋಡಿಸಿದೆ. ಅದೇ ‘ಟಕ್’. ಹುಡುಗನಿಗೆ ಇನ್ನೊಮ್ಮೆ ಹೊಡೆ ಎಂದೆ. ಅವನು ಕ್ಲಚ್ ತುಳಿದು ಹೊಡೆದ. ಕ್ಲಚ್ ಕೇಬಲ್ ನನ್ನ ಮೊಣಕೈಗೆ ತಾಗಿತು, ಸುಟ್ಟಿತು.

ಕ್ಲಚ್ ಕೇಬಲ್ ಬಿಸಿಯಾಗಲು ಯಾವ ಕಾರಣವೂ ಇಲ್ಲ. ಅದು ವೈರಿಂಗಿನ ಭಾಗವೇ ಅಲ್ಲ. ಆದರೆ ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಅರ್ತ್ ಪಟ್ಟಿ ಬೋಲ್ಟಿನ ಬಳಿ ಕೊಳೆತು ನಾಲ್ಕೈದು ಎಳೆಗಳಲ್ಲಿ ನೇತಾಡುತ್ತಿತ್ತು. ನೂರಾರು ಆಂಪಿಯರ್ ವಾಪಸ್ ಹೋಗಲು ದಾರಿ ಕಾಣದೆ ಕ್ಲಚ್ ಕೇಬಲನ್ನು ಹಿಡಿದಿತ್ತು. ಮೀಟರಿನ ಒಂದು ಕಡ್ಡಿ ಎಂಜಿನ್‌ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು ಸೆಲ್ಫ್ ಹೊಡೆಸಿದೆ. 3.4 ವೋಲ್ಟ್. ಅಲ್ಲಿ ಅರ್ಧ ವೋಲ್ಟ್ ಕಂಡರೂ ಹೆಚ್ಚು. ಬ್ಯಾಟರಿ 11.2 ಕೊಡುತ್ತಿತ್ತು, ಸ್ಟಾರ್ಟರಿಗೆ ಸಿಗುತ್ತಿದ್ದದ್ದು ಎಂಟಕ್ಕೂ ಕಡಿಮೆ. ಪಟ್ಟಿ ಬದಲಾಯಿಸಿದ ಮೇಲೆ ಹಳೆಯ ಬ್ಯಾಟರಿಯನ್ನೇ ಮತ್ತೆ ಹಾಕಿದರೂ ಗಾಡಿ ಹೊರಟಿತು ಎಂದು ಹೇಳಿದರೆ ಗಾಡಿಯವರ ಮುಖ ಹೇಗಾಗಿರಬಹುದು ನೋಡಿ. ಮೊಣಕೈಯ ಗುರುತು ಇನ್ನೂ ಇದೆ.

ಅರ್ತ್ ಎನ್ನುವ ಈ ಪದಕ್ಕೆ ವಾಹನದಲ್ಲಿ ಅರ್ಥ ಒಂದೇ: ಬ್ಯಾಟರಿಯ ನೆಗೆಟಿವ್‌ಗೆ ಕಟ್ಟಿದ ಉಕ್ಕಿನ ಬಾಡಿ. ಭೂಮಿಗೂ ಅದಕ್ಕೂ ಸಂಬಂಧವಿಲ್ಲ, ಟೈರಿನ ರಬ್ಬರ್ ಮಧ್ಯದಲ್ಲಿದೆ. ಬಾಡಿಯೇ ವಾಪಸಾತಿಯ ತಂತಿ ಆಗಿರುವುದರಿಂದ ಪ್ರತಿ ದೀಪಕ್ಕೂ ಒಂದೇ ತಂತಿ ಎಳೆದರೆ ಸಾಕು. ಈ ಅಭ್ಯಾಸವನ್ನು ಹೊತ್ತುಕೊಂಡು ನಾನು ಮೊದಲ ಬಾರಿ ದೋಣಿಗೆ ಹತ್ತಿದ್ದೆ. ಭಾವನ ದೋಣಿಯ ಹಾರ್ನಿನ ನೆಗೆಟಿವ್ ತಂತಿಯನ್ನು ಹತ್ತಿರದಲ್ಲೇ ಕಂಡ ಒಂದು ಲೋಹದ ಫಿಟಿಂಗಿಗೆ ಬಿಗಿದು ಕೈ ಝಾಡಿಸಿಕೊಂಡೆ. ಅದು ದೋಣಿಯ ಹೊರಮೈಯನ್ನು ತೂರಿ ನೀರಿಗೆ ಇಳಿದಿದ್ದ ಕಂಚಿನ ಫಿಟಿಂಗ್. ಪುಣ್ಯಕ್ಕೆ ಅಂದೇ ಸಂಜೆ ಒಬ್ಬ ಹಳೆಯ ದೋಣಿ ಮೆಕ್ಯಾನಿಕ್ ಅದನ್ನು ನೋಡಿ, ನನ್ನ ಮುಖ ನೋಡಿ, ಏನೂ ಹೇಳದೆ ಬಿಚ್ಚಿ ಕೈಗೆ ಕೊಟ್ಟರು.

ದೋಣಿಯಲ್ಲಿ ಅರ್ತ್ ಮೂರು. ಒಂದು, ಡಿಸಿ (ಬ್ಯಾಟರಿಯಿಂದ ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ನೆಗೆಟಿವ್: ಪ್ರತಿ ಸಾಧನದಿಂದಲೂ ಬ್ಯಾಟರಿಯವರೆಗೆ ಹಿಂದಿರುಗುವ ಸ್ವಂತ ತಂತಿ. ಎರಡು, ಬಾಂಡಿಂಗ್: ನೀರಿನಲ್ಲಿರುವ ಲೋಹದ ಭಾಗಗಳನ್ನೆಲ್ಲ ಒಂದಕ್ಕೊಂದು ಸೇರಿಸುವ ಹಸಿರು ತಂತಿ. ಸರಿಯಾಗಿದ್ದಾಗ ಅದರಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಮೂರು, ದಡದಿಂದ 230 ವೋಲ್ಟ್ ಎಳೆದುಕೊಂಡಾಗ ಅದರ ಜೊತೆಗೆ ಬರುವ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಮನೆಯ ಕರೆಂಟ್) ಸುರಕ್ಷತಾ ಅರ್ತ್. ಮೂರೂ ಕೊನೆಗೆ ಒಂದು ಬಿಂದುವಿನಲ್ಲಿ ಸೇರುವುದುಂಟು, ಹಾಗೆಂದು ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸುವ ಹಾಗಿಲ್ಲ. ನಾನು ಮಾಡಿದ್ದು ಅದನ್ನೇ. ಹಾರ್ನಿನ ಕರೆಂಟನ್ನು ನೀರಿಗಿಳಿದ ಲೋಹದ ಮೂಲಕ ಕಳುಹಿಸಲು ಹೊರಟಿದ್ದೆ.

ಅದರಿಂದ ನೀರಿನಲ್ಲಿರುವ ಲೋಹ ಕರಗುತ್ತದೆ, ಅದಕ್ಕೆ ಸ್ಟ್ರೇ (ದಾರಿತಪ್ಪಿದ) ಕರೆಂಟ್ ಕೊರೆತ ಎಂದು ಹೆಸರು. ಗ್ಯಾಲ್ವಾನಿಕ್ ಕೊರೆತ ಬೇರೆ. ಕಂಚು, ಅಲ್ಯೂಮಿನಿಯಂ, ಉಕ್ಕು ಎಲ್ಲವೂ ಒಂದೇ ಉಪ್ಪು ನೀರಿನಲ್ಲಿ ನಿಂತು ಪರಸ್ಪರ ತಂತಿಯಿಂದ ಸೇರಿದರೆ ಅದೇ ಒಂದು ಬ್ಯಾಟರಿ, ಅದರಲ್ಲಿ ದುರ್ಬಲ ಲೋಹ ಕರಗುತ್ತದೆ. ಅದಕ್ಕೇ ಎಲ್ಲಕ್ಕಿಂತ ದುರ್ಬಲವಾದ ಸತುವಿನ ಗಟ್ಟಿಯನ್ನು ಬಲಿಗೆಂದು ತಗುಲಿಸುತ್ತಾರೆ. ಅದು ತಿಂಗಳುಗಳ ಆಟ. ಸ್ಟ್ರೇ ಕರೆಂಟಿನ ಹಿಂದೆ ಇಡೀ 12 ವೋಲ್ಟ್ ಬ್ಯಾಟರಿ ನಿಂತಿರುತ್ತದೆ, ಅದಕ್ಕೆ ದಿನಗಳು ಸಾಕು. ದಡದ ವಿದ್ಯುತ್ತಿನ ಹಸಿರು ತಂತಿಯ ಮೂಲಕ ನಿಮ್ಮ ದೋಣಿ ಪಕ್ಕದ ದೋಣಿಯೊಂದಿಗೂ ಬ್ಯಾಟರಿಯಾಗಬಹುದು. ಅದನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಎನ್ನುವ ಪೆಟ್ಟಿಗೆಯೊಳಗೆ ಇರುವುದು ಕೆಲವು ಡಯೋಡುಗಳು, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಕವಾಟಗಳು. ಒಂದು ವೋಲ್ಟಿನ ಆಸುಪಾಸಿನ ಸಣ್ಣ ಒತ್ತಡಕ್ಕೆ ಅವು ಬಾಗಿಲು ತೆರೆಯುವುದಿಲ್ಲ, ನಿಜವಾದ ದೋಷ ಬಂದಾಗ ತೆರೆಯುತ್ತವೆ. ಆ ಹಸಿರು ತಂತಿಯನ್ನು ಕತ್ತರಿಸಿಯೇ ಬಿಡೋಣ ಎನ್ನುವವರನ್ನು ಕಂಡಿದ್ದೇನೆ. ಲೋಹ ಉಳಿಯಬಹುದು, ಜನ ಉಳಿಯುವುದಿಲ್ಲ. ಸಿಹಿನೀರಿನಲ್ಲಿ ಈಜುವವರ ಹತ್ತಿರ ದೋಣಿಯಿಂದ ಎಸಿ ಸೋರಿದರೆ ಸ್ನಾಯು ಹಿಡಿದುಕೊಂಡು ಮುಳುಗುತ್ತಾರೆ. 30 ಮಿಲಿಆಂಪಿಯರ್ ಸೋರಿದರೂ ಕಡಿಯುವ ಬ್ರೇಕರ್ ಇಡುವುದು ಈ ಕಾರಣಕ್ಕೆ.

‘ಶಾರ್ಟ್’ ವಿಷಯ ಬೇಗ ಮುಗಿಸುತ್ತೇನೆ. ಶಾರ್ಟ್ ಸರ್ಕ್ಯೂಟ್ ಎಂದರೆ ಕರೆಂಟ್ ಲೋಡನ್ನು ಬಿಟ್ಟು ಅಡ್ಡದಾರಿಯಲ್ಲಿ ವಾಪಸ್ ಓಡುವುದು. ಫ್ಯೂಸ್ ಹೋಗುತ್ತದೆ ಅಥವಾ ಹೊಗೆ ಬರುತ್ತದೆ. ತಂತಿ ತುಂಡಾಗಿದ್ದರೆ ಅದು ಓಪನ್. ಏನೂ ಹೋಗುವುದಿಲ್ಲ, ಏನೂ ಬರುವುದಿಲ್ಲ. ಭಾವನ ಪಂಪಿನದು ಎರಡೂ ಅಲ್ಲ, ದಾರಿಯಲ್ಲಿ ಅಡ್ಡಿ ಹೆಚ್ಚಾದದ್ದು. ‘ರಾತ್ರಿ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ, ಎಲ್ಲೋ ಶಾರ್ಟ್ ಇದೆ’ ಎನ್ನುವವರ ಗಾಡಿಯಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಸೈಟಿಕ್ ಡ್ರೇನ್, ಎಲ್ಲವನ್ನೂ ಆರಿಸಿದ ಮೇಲೂ ಒಳಗೊಳಗೇ ಕುಡಿಯುವ ಕರೆಂಟ್. ಗಡಿಯಾರ, ಅಲಾರಂ, ಕಂಪ್ಯೂಟರ್ ಸೇರಿ 50 ಮಿಲಿಆಂಪಿಯರಿನೊಳಗೆ ಇದ್ದರೆ ಸರಿ ಎನ್ನುತ್ತೇವೆ. ಅಷ್ಟಿದ್ದರೂ ದಿನಕ್ಕೆ 1.2, ತಿಂಗಳಿಗೆ 36 ಆಂಪಿಯರ್-ಅವರ್. ತಿಂಗಳುಗಟ್ಟಲೆ ನಿಂತ ಗಾಡಿ ಎದ್ದು ಬರದಿದ್ದರೆ ಅದರಲ್ಲಿ ಯಾರ ತಪ್ಪೂ ಇಲ್ಲ.

ಬ್ಯಾಟರಿಯ ಮೇಲಿನ ಬರಹ ಓದುವವರು ಕಡಿಮೆ. ಅಲ್ಲಿ ಇರುವುದು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್: ಮೈನಸ್ 18 ಡಿಗ್ರಿ ಚಳಿಯಲ್ಲಿ, 7.2 ವೋಲ್ಟಿಗಿಂತ ಕೆಳಗೆ ಇಳಿಯದೆ, 30 ಸೆಕೆಂಡ್ ಕಾಲ ಎಷ್ಟು ಆಂಪಿಯರ್ ಕೊಡಬಲ್ಲದು. ದೋಣಿಯ ಬ್ಯಾಟರಿಯ ಮೇಲೆ ಎಂಸಿಎ, ಅಂದರೆ ಮರೀನ್ ಕ್ರ್ಯಾಂಕಿಂಗ್ ಆಂಪಿಯರ್, ಎಂದಿರುತ್ತದೆ, ಅದೇ ಪರೀಕ್ಷೆ, ಆದರೆ 0 ಡಿಗ್ರಿಯಲ್ಲಿ. ಹಾಗಾಗಿ ಅದೇ ಬ್ಯಾಟರಿಗೆ ಎಂಸಿಎ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ದೊಡ್ಡದನ್ನು ಕೊಂಡವರು ಇದ್ದಾರೆ. ಎಎಚ್, ಅಂದರೆ ಆಂಪಿಯರ್-ಅವರ್, ಇದಕ್ಕೆ ಸಂಬಂಧವೇ ಇಲ್ಲದ ಲೆಕ್ಕ: ನಿಧಾನವಾಗಿ ಎಷ್ಟು ಹೊತ್ತು. 100 ಎಎಚ್ ಎಂದರೆ 20 ಗಂಟೆ ಕಾಲ 5 ಆಂಪಿಯರ್. ಅದರಿಂದ 50 ಆಂಪಿಯರ್ ಎಳೆದರೆ ಎರಡು ಗಂಟೆ ಬರಬೇಕಲ್ಲವೇ? ಸೀಸದ ಬ್ಯಾಟರಿಯಲ್ಲಿ ಬರುವುದಿಲ್ಲ. ಒಂದೂಕಾಲು ಗಂಟೆಯ ಸುತ್ತಮುತ್ತ ಮುಗಿಯುತ್ತದೆ. ಅವಸರದಲ್ಲಿ ಕೇಳಿದರೆ ಕಡಿಮೆ ಕೊಡುತ್ತದೆ. ಇದನ್ನು 1897ರಲ್ಲೇ ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ ಸೂತ್ರಕ್ಕೆ ಇಳಿಸಿಟ್ಟರು.

ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ ಫಲಕಗಳು ಹೆಚ್ಚು, ಒಮ್ಮೆಲೇ ಭಾರಿ ಕರೆಂಟ್ ಕೊಡಲು. ಡೀಪ್ ಸೈಕಲ್ ಬ್ಯಾಟರಿಯಲ್ಲಿ ದಪ್ಪ ಫಲಕಗಳು, ಪದೇಪದೇ ಇಳಿಸಿ ಏರಿಸಲು. ಮೊದಲನೆಯದನ್ನು ದೀಪ, ಫ್ರಿಜ್‌ಗೆ ಬಳಸಿ ಕೆಲವು ಸಲ ಪೂರ್ತಿ ಇಳಿಸಿದರೆ ಅದರ ಕತೆ ಮುಗಿಯಿತು. ಸೀಸದ್ದು ಯಾವುದೇ ಇರಲಿ, ನಾನು ಅರ್ಧಕ್ಕಿಂತ ಕೆಳಗೆ ಇಳಿಸಲು ಬಿಡುವುದಿಲ್ಲ. ವಿಶ್ರಾಂತಿಯಲ್ಲಿದ್ದಾಗ 12.6 ಅಥವಾ 12.7 ಎಂದರೆ ಭರ್ತಿ, 12.1 ಅಥವಾ 12.2 ಎಂದರೆ ಅರ್ಧ. ಅರ್ಧ ವೋಲ್ಟಿನಲ್ಲಿ ಅರ್ಧ ಬ್ಯಾಟರಿ ಇದೆ. ಇದು ತಿಳಿಯದವರು ‘12 ತೋರಿಸುತ್ತಿದೆ, ಚೆನ್ನಾಗಿದೆ’ ಎಂದು ಖಾಲಿ ಬ್ಯಾಟರಿಯನ್ನು ನಂಬಿಕೊಂಡು ಹೊರಡುತ್ತಾರೆ.

ಇನ್ನು ಫ್ಯೂಸ್. ಫ್ಯೂಸ್ ಇರುವುದು ರೇಡಿಯೋವನ್ನೋ ಪಂಪನ್ನೋ ಕಾಪಾಡಲು ಎಂದು ಎಲ್ಲರೂ ತಿಳಿದಿದ್ದಾರೆ. ಅದು ಕಾಪಾಡುವುದು ತಂತಿಯನ್ನು. ತಂತಿ ಹೊರಲಾರದಷ್ಟು ಕರೆಂಟ್ ಬಂದಾಗ, ತಂತಿ ಕೆಂಪಗಾಗುವ ಮೊದಲು ತಾನು ಕರಗಬೇಕು. ಆದ್ದರಿಂದ ಫ್ಯೂಸಿನ ಅಳತೆ ತಂತಿಯ ದಪ್ಪದ ಮೇಲೆ, ಅದರ ಜಾಗ ಬ್ಯಾಟರಿಯ ಪಕ್ಕದಲ್ಲಿ. ಮೇಲೆ ಹೇಳಿದ ದೋಣಿ ಮಾನದಂಡದ ಸಾಮಾನ್ಯ ನಿಯಮ 7 ಅಂಗುಲದೊಳಗೆ ಎನ್ನುತ್ತದೆ. ಪಂಪಿನ ಹತ್ತಿರ ಫ್ಯೂಸ್ ಇಟ್ಟರೆ ಅದರ ಹಿಂದಿನ ಆರು ಮೀಟರ್ ತಂತಿಗೆ ಯಾರೂ ದಿಕ್ಕಿಲ್ಲ. ಹತ್ತರ ಫ್ಯೂಸ್ ಪದೇಪದೇ ಹೋಗುತ್ತದೆಂದು ಮೂವತ್ತರದ್ದು ಹಾಕಿದವರ ಗಾಡಿಯನ್ನು ನಾನು ಬಿಚ್ಚಿದ್ದೇನೆ. ಡ್ಯಾಶ್‌ಬೋರ್ಡಿನ ಹಿಂದೆ ಹನ್ನೆರಡು ತಂತಿಗಳು ಕರಗಿ ಒಂದೇ ಹಗ್ಗವಾಗಿದ್ದವು. ಫ್ಯೂಸ್ ಮಾತ್ರ ಹೊಚ್ಚ ಹೊಸದಾಗಿತ್ತು.

ರಿಲೇ ಬಗ್ಗೆ ಬರೆಯಲು ಕುಳಿತರೆ ಇನ್ನೊಂದು ಲೇಖನ ಬೇಕು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹೊಡೆಸುವ ಸ್ವಿಚ್ ಅದು. ಬುಡದಲ್ಲಿ ಸಂಖ್ಯೆಗಳಿರುತ್ತವೆ: 85 ಮತ್ತು 86 ಒಳಗಿನ ಸುರುಳಿಗೆ, 30 ಬ್ಯಾಟರಿಯಿಂದ ಬರುವುದು, 87 ಲೋಡಿಗೆ ಹೋಗುವುದು. ಜರ್ಮನಿಯ ಡಿಐಎನ್ 72552 ಮಾನದಂಡದ ಸಂಖ್ಯೆಗಳಿವು. ಅದೇ ಪಟ್ಟಿಯಲ್ಲಿ 15 ಎಂದರೆ ಇಗ್ನಿಷನ್ ಕೀ ತಿರುಗಿಸಿದಾಗ ಬರುವ ಪಾಸಿಟಿವ್, 31 ಎಂದರೆ ಅರ್ತ್, 50 ಎಂದರೆ ಸ್ಟಾರ್ಟರಿಗೆ ಹೋಗುವುದು. ಈ ಏಳು ಸಂಖ್ಯೆ ಬಾಯಿಪಾಠವಾದರೆ ಯಾವ ಭಾಷೆಯ ಗಾಡಿ ಬಂದರೂ ಮಾತನಾಡಿಸಬಹುದು.

ಕೊನೆಯದಾಗಿ ನಾನೇ ಕೆಡಿಸಿದ ಒಂದು ಆಲ್ಟರ್ನೇಟರ್. ಇದನ್ನು ಈಗಲೂ ಡೈನಮೋ ಎನ್ನುವವರೇ ಹೆಚ್ಚು, 1960ರ ದಶಕದಲ್ಲಿ ಡೈನಮೋಗಳ ಜಾಗಕ್ಕೆ ಬಂದ ಯಂತ್ರವಿದು. ಒಳಗೆ ಹುಟ್ಟುವುದು ಎಸಿ, ಡಯೋಡುಗಳು ಅದನ್ನು ಡಿಸಿ ಮಾಡಿ ಹೊರಗೆ ಬಿಡುತ್ತವೆ. ದೋಣಿಯಲ್ಲಿ ಎರಡು ಬ್ಯಾಟರಿಗಳಿದ್ದವು, ಮಧ್ಯದಲ್ಲಿ ಒಂದು ದೊಡ್ಡ ಕೆಂಪು ತಿರುಗಣೆ: 1, ಎರಡೂ, 2, ಆಫ್. ಎಂಜಿನ್ ಓಡುತ್ತಿತ್ತು. ಒಂದರಿಂದ ಎರಡಕ್ಕೆ ತಿರುಗಿಸು ಎಂದರು ಭಾವ. ‘ಎರಡೂ’ ಇರುವ ಕಡೆಯಿಂದ ತಿರುಗಿಸಬೇಕಿತ್ತು, ನಾನು ‘ಆಫ್’ ಇರುವ ಕಡೆಯಿಂದ ತಿರುಗಿಸಿದೆ. ಅರ್ಧ ಸೆಕೆಂಡ್ ಕೂಡ ಆಗಿರಲಿಕ್ಕಿಲ್ಲ. ಕರೆಂಟನ್ನು ಸುರಿಯುತ್ತಿದ್ದ ಆಲ್ಟರ್ನೇಟರಿಗೆ ಅದನ್ನು ಹಿಡಿದುಕೊಳ್ಳುವ ಬ್ಯಾಟರಿ ತಪ್ಪಿತು. ವೋಲ್ಟೇಜ್ ಎಗರಿತು, ಡಯೋಡುಗಳು ಹೋದವು. ಸದ್ದಿಲ್ಲ, ಹೊಗೆಯಿಲ್ಲ. ಚಾರ್ಜಿಂಗ್ 14.2ರಿಂದ 12.3ಕ್ಕೆ ಇಳಿದದ್ದು ಮಾತ್ರ ಕಾಣಿಸಿತು. ಇದಕ್ಕೆ ಲೋಡ್ ಡಂಪ್ ಎಂದು ಹೆಸರು. ಹೊಸ ಲಿಥಿಯಂ ಬ್ಯಾಟರಿಗಳಲ್ಲಿ ಒಳಗಿನ ರಕ್ಷಣಾ ವ್ಯವಸ್ಥೆ ತನ್ನಷ್ಟಕ್ಕೆ ತಾನೇ ಬಾಗಿಲು ಹಾಕಿದಾಗಲೂ ನಡೆಯುವುದು ಇದೇ, ಅಲ್ಲಿ ಬೈಯಲು ಭಾವಮೈದುನನೂ ಇರುವುದಿಲ್ಲ.

ಕೆಟ್ಟದ್ದರ ಬದಲಿಗೆ ಕಾರಿನ ಆಲ್ಟರ್ನೇಟರ್ ತರುತ್ತೇನೆ ಎಂದೆ, ಬೋಲ್ಟುಗಳೂ ಕೂಡುತ್ತಿದ್ದವು. ಹಾರ್ನಿನ ತಂತಿ ಬಿಚ್ಚಿಕೊಟ್ಟಿದ್ದ ಅದೇ ಹಿರಿಯರು ಈ ಸಲ ಬಾಯಿ ತೆರೆದರು. ‘ಇದು ಪೆಟ್ರೋಲ್ ಎಂಜಿನ್’ ಎಂದರು, ಅಷ್ಟೇ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನ ಅಡಿ ತೆರೆದಿರುತ್ತದೆ, ಆವಿ ಕೆಳಗಿಳಿದು ಹೋಗುತ್ತದೆ. ದೋಣಿಯ ತಳ ಬಟ್ಟಲು, ಅಲ್ಲೇ ತುಂಬಿಕೊಳ್ಳುತ್ತದೆ. ಅಲ್ಲಿ ಒಂದು ಬ್ರಷ್ಷಿನ ಕಿಡಿ ಸಾಕು. ಕಿಡಿ ಹೊರಗಿನ ಆವಿಗೆ ಹತ್ತದಂತೆ ಕಟ್ಟಿದ ಭಾಗಗಳ ಮೇಲೆ ‘ಇಗ್ನಿಷನ್ ಪ್ರೊಟೆಕ್ಟೆಡ್’ ಎಂದಿರುತ್ತದೆ. ಸ್ಟಾರ್ಟರ್, ಆಲ್ಟರ್ನೇಟರ್, ಎಂಜಿನ್ ಕೋಣೆಯ ರಿಲೇ, ಬ್ರೇಕರ್ ಎಲ್ಲದರಲ್ಲೂ ಆ ಎರಡು ಪದ ಹುಡುಕಬೇಕು. ನೋಡಲು ಕಾರಿನ ಭಾಗವೂ ದೋಣಿಯ ಭಾಗವೂ ಒಂದೇ ತರಹ ಇರುತ್ತವೆ.

ಮೊನ್ನೆ ಭಾನುವಾರ ಭಾವನ ಸಂದೇಶ ಬಂತು. ಅವರೇ ಒಂದು ಮೀಟರ್ ಕೊಂಡಿದ್ದಾರೆ. ‘ಪಂಪ್ ಓಡುವಾಗ ಬ್ಯಾಟರಿಯಲ್ಲಿ 12.4, ಪಂಪಿನಲ್ಲಿ 12.1. ಪರವಾಗಿಲ್ಲವೇ?’ ಆರು ಚದರದ ತಂತಿ, ಎಂಟು ಆಂಪಿಯರ್, ಹನ್ನೆರಡು ಮೀಟರ್: ಲೆಕ್ಕಕ್ಕೆ ಸರಿಯಾಗಿ ಕೂಡುತ್ತಿತ್ತು. ಪರವಾಗಿಲ್ಲ ಎಂದು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಂದೇಶ: ‘ನೆಗೆಟಿವ್ ಕಡೆ ಬೇರೆಯಾಗಿ ಅಳೆದೆ. 0.15. ಪಾಸಿಟಿವ್ ಕಡೆಯೂ ಅಷ್ಟೇ. ಅಂದ ಹಾಗೆ ನಿನ್ನ ಅಕ್ಕನ ಸ್ಕೂಟರಿನ ಹಾರ್ನಿಗೆ ಕರೆಂಟ್ ಬರುತ್ತಿಲ್ಲ.’